ಡಂಡಿಯ ‘ಡಿಸ್ಕವರಿ’: ಒಬ್ಬ ಟಾರ್ಪೆಡೊ ಲೆಫ್ಟಿನೆಂಟನನ್ನು ಕಮಾಂಡರ್ ಮಾಡಿದ ಹಡಗು

ಸ್ಕಾಟ್ಲೆಂಡಿನ ಡಂಡಿ ರೈಲು ನಿಲ್ದಾಣದಿಂದ ಹೊರಬಂದು ಟೇ ನದಿಯ ಕಡೆಗೆ ಮುಖ ಮಾಡಿದರೆ, ಕಡಲಂಚಿನ ಬಂಡೆಯಂತೆ ಬಾಗಿ ನಿಂತ ವಿ ಅಂಡ್ ಎ ವಸ್ತುಸಂಗ್ರಹಾಲಯದ ಕಟ್ಟಡ ಕಾಣುತ್ತದೆ. ಅದರ ಪಕ್ಕದಲ್ಲೇ ಮೂರು ಹಾಯಿಕಂಬಗಳು. ಹೆಚ್ಚಿನವರ ಕಣ್ಣು ಮೊದಲು ಕಟ್ಟಡದ ಮೇಲೆ ಬೀಳುತ್ತದೆ. ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದ ನನಗೆ ಆ ಕಂಬಗಳನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಕಪ್ಪು ಒಡಲು, ಹಳದಿ ಹೊಗೆಕೊಳವೆ, ಮರದ ಮೈ. ರಾಬರ್ಟ್ ಫಾಲ್ಕನ್ ಸ್ಕಾಟ್ 1901ರಲ್ಲಿ ಅಂಟಾರ್ಕ್ಟಿಕಕ್ಕೆ ಕೊಂಡೊಯ್ದ ‘ಡಿಸ್ಕವರಿ’ ಹಡಗು, ತಾನು ಹುಟ್ಟಿದ ಊರಿನಲ್ಲೇ ನಿಂತಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ವಸ್ತುಸಂಗ್ರಹಾಲಯ ಹಡಗುಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಕನಿಷ್ಠ ಮೂರು ಗಂಟೆ ಇಟ್ಟುಕೊಂಡು ಹೋಗಿ. ದಕ್ಷಿಣ ಧ್ರುವದ ದುರಂತ ಕಥೆಗಾಗಿ ಮಾತ್ರ ಹೋದರೆ ಅರ್ಧವಷ್ಟೇ ಸಿಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯೊಬ್ಬನ ವೃತ್ತಿಜೀವನ ಹೇಗೆ ಏರುತ್ತಿತ್ತು, ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಈ ಹಡಗಿನ ಒಂದೊಂದು ಹಲಗೆಯೂ ಮಾತನಾಡುತ್ತದೆ.

ಜೊತೆಗೆ ನನ್ನ ಮಗಳಿದ್ದಳು. ಮೆಟ್ಟಿಲೇರುವಾಗಲೇ ಕೇಳಿದಳು: “ಅಪ್ಪಾ, ಸ್ಕಾಟ್ ಧ್ರುವ ಮುಟ್ಟಿ ಸತ್ತದ್ದು ಈ ಹಡಗಿನಲ್ಲಿ ಹೋದಾಗಲೇ ಅಲ್ಲವೇ?” ಬಹಳ ಮಂದಿ ಹಾಗೆಯೇ ತಿಳಿದಿದ್ದಾರೆ. ಆ ಕೊನೆಯ ಯಾತ್ರೆಯ ಹಡಗು ‘ಟೆರಾ ನೋವಾ’. ಅದೂ ಡಂಡಿಯಲ್ಲೇ ಕಟ್ಟಿದ್ದು, 1884ರಲ್ಲಿ, ತಿಮಿಂಗಿಲ ಬೇಟೆಗಾಗಿ. ‘ಡಿಸ್ಕವರಿ’ಯಲ್ಲಿ ಸ್ಕಾಟ್ ಸಾಯಲಿಲ್ಲ; ಇಲ್ಲಿ ಆತ ಬೆಳೆದ.

ಹಡಗು ಹತ್ತುವ ಮುನ್ನ ಆತನ ಹಿಂದಿನ ಬದುಕು ಸ್ವಲ್ಪ ಗೊತ್ತಿರಬೇಕು. ಸ್ಕಾಟ್ ಹುಟ್ಟಿದ್ದು 1868ರಲ್ಲಿ, ಪ್ಲಿಮತ್ ಪಕ್ಕದ ಡೆವನ್‌ಪೋರ್ಟ್‌ನಲ್ಲಿ. 1881ರಲ್ಲಿ, ಹದಿಮೂರನೆಯ ವಯಸ್ಸಿಗೆ, ಡಾರ್ಟ್‌ಮತ್‌ನಲ್ಲಿ ಲಂಗರು ಹಾಕಿದ್ದ ‘ಬ್ರಿಟಾನಿಯಾ’ ಎಂಬ ತರಬೇತಿ ಹಡಗಿಗೆ ಕೆಡೆಟ್ ಆಗಿ ಸೇರಿದ. ಎರಡು ವರ್ಷಕ್ಕೆ ಮಿಡ್‌ಶಿಪ್‌ಮನ್ ಎಂಬ ಕಿರಿಯ ಅಧಿಕಾರಿ, 1889ರಲ್ಲಿ ಲೆಫ್ಟಿನೆಂಟ್. ಇಲ್ಲಿಯವರೆಗೆ ದಾರಿ ಸಲೀಸು, ಪರೀಕ್ಷೆ ಪಾಸಾದರೆ ಸಾಕು. ಆಮೇಲೆ ದಾರಿ ಇಕ್ಕಟ್ಟು. ಲೆಫ್ಟಿನೆಂಟ್ ಹುದ್ದೆಯಿಂದ ಕಮಾಂಡರ್ ಹುದ್ದೆಗೆ ಏರಲು ಹಿರಿತನ ಸಾಲದು. ನೌಕಾ ಇಲಾಖೆ ಆರಿಸಿ ತೆಗೆಯಬೇಕು. ಆಯ್ಕೆಯಾಗದೆ ಅಲ್ಲೇ ಉಳಿದು ನಿವೃತ್ತರಾದವರು ಅನೇಕರು. ಕಮಾಂಡರ್ ಆದವನು ಮತ್ತೊಮ್ಮೆ ಆಯ್ಕೆಯಾಗಿ ಕ್ಯಾಪ್ಟನ್ ಆದರೆ ಮಾತ್ರ, ಅಲ್ಲಿಂದ ಅಡ್ಮಿರಲ್ ವರೆಗೆ ಹಿರಿತನವೇ ಕೈಹಿಡಿದು ನಡೆಸುತ್ತಿತ್ತು. ಹಾಗಾಗಿ ಇಪ್ಪತ್ತೈದರಿಂದ ಮೂವತ್ತೈದರವರೆಗಿನ ಹತ್ತು ವರ್ಷದಲ್ಲಿ ಕಣ್ಣಿಗೆ ಬೀಳುವಂಥ ಏನನ್ನಾದರೂ ಮಾಡಲೇಬೇಕಿತ್ತು.

ಶಿಫಾರಸು ಮಾಡುವ ಬಂಧುಗಳು ಸ್ಕಾಟ್‌ಗೆ ಇರಲಿಲ್ಲ. ಆತ ಹಿಡಿದದ್ದು ತಾಂತ್ರಿಕ ದಾರಿ. 1891ರಲ್ಲಿ ಪೋರ್ಟ್ಸ್‌ಮತ್‌ನ ‘ವರ್ನನ್’ ಟಾರ್ಪೆಡೊ ಶಾಲೆ ಸೇರಿ ಎರಡು ವರ್ಷ ಕಲಿತ. ಅಂದಿನ ಟಾರ್ಪೆಡೊ ಅಧಿಕಾರಿ ಎಂದರೆ ಟಾರ್ಪೆಡೊ ಮಾತ್ರ ನೋಡಿಕೊಳ್ಳುವವನಲ್ಲ. ಹಡಗಿನ ವಿದ್ಯುತ್ ಕೆಲಸವೂ ಅವನ ಪಾಲಿಗೇ ಬರುತ್ತಿತ್ತು. ನೌಕಾಪಡೆಯಲ್ಲಿ ಆಗಿನ ಕಾಲಕ್ಕೆ ಅತ್ಯಂತ ಹೊಸ ವಿದ್ಯೆ ಅದು. ಆ ಶಾಖೆಯನ್ನು ಆರಿಸಿಕೊಂಡ ಹುಡುಗನನ್ನು ಹಳೆಯ ಕಾಲದ ಕನಸುಗಾರ ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. 1893ರಲ್ಲಿ ತನ್ನ ಕೈಗೆ ಸಿಕ್ಕ ಒಂದು ಟಾರ್ಪೆಡೊ ದೋಣಿಯನ್ನು ನೆಲಕ್ಕೆ ತಾಗಿಸಿ ಸಣ್ಣ ಛೀಮಾರಿಯನ್ನೂ ಹಾಕಿಸಿಕೊಂಡ.

ಮರುವರ್ಷ ಮನೆ ಕುಸಿಯಿತು. ಬಿಯರ್ ತಯಾರಿಕೆಯ ಘಟಕವನ್ನು ಮಾರಿ ಬಂದ ಹಣವನ್ನು ತಂದೆ ಕಳೆದುಕೊಂಡಿದ್ದರು. 1897ರಲ್ಲಿ ಅವರು ತೀರಿಕೊಂಡರು. ತಾಯಿ ಮತ್ತು ಮದುವೆಯಾಗದ ತಂಗಿ-ಅಕ್ಕಂದಿರ ಹೊಣೆ ಗಂಡುಮಕ್ಕಳಿಬ್ಬರ ಮೇಲೆ ಬಿತ್ತು. ಹೆಚ್ಚಿನ ಸಂಬಳಕ್ಕಾಗಿ ಆಫ್ರಿಕಾದ ಲಾಗೋಸ್‌ಗೆ ಹೋಗಿದ್ದ ತಮ್ಮ ಆರ್ಚಿ 1898ರಲ್ಲಿ ವಿಷಮಶೀತ ಜ್ವರದಿಂದ ಸತ್ತ. ಉಳಿದದ್ದು ಒಬ್ಬ ಲೆಫ್ಟಿನೆಂಟನ ಸಂಬಳ. ಮನೆಗೆ ಹಣ ಕಳಿಸಲೆಂದು ಹಡಗು ಹತ್ತಿದ ನನ್ನಂಥವನಿಗೆ ಈ ಲೆಕ್ಕ ಬಹಳ ಹತ್ತಿರದ್ದು. ಬಡ್ತಿ ಎಂಬುದು ಆತನಿಗೆ ಕೀರ್ತಿಯ ಮಾತಾಗಿರಲಿಲ್ಲ, ತಾಯಿಯ ಮನೆಬಾಡಿಗೆಯ ಮಾತಾಗಿತ್ತು.

1899ರ ಜೂನ್ ತಿಂಗಳಲ್ಲಿ ಲಂಡನ್ನಿನ ಬೀದಿಯಲ್ಲಿ ಆತನಿಗೆ ಎದುರಾದದ್ದು ಸರ್ ಕ್ಲೆಮೆಂಟ್ಸ್ ಮಾರ್ಕಮ್, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷರು. ಹನ್ನೆರಡು ವರ್ಷ ಹಿಂದೆ, 1887ರ ಮಾರ್ಚ್ 1ರಂದು, ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದ ಬಳಿ ನಡೆದ ದೋಣಿ ಸ್ಪರ್ಧೆಯಲ್ಲಿ ಗೆದ್ದ ಹದಿನೆಂಟರ ಹುಡುಗನನ್ನು ಈ ಮುದುಕರು ನೆನಪಿಟ್ಟುಕೊಂಡಿದ್ದರು. ಅಂಟಾರ್ಕ್ಟಿಕ ಯಾತ್ರೆಗೆ ನಾಯಕ ಬೇಕು ಎಂಬ ಸುದ್ದಿ ಅಲ್ಲಿ ಕಿವಿಗೆ ಬಿತ್ತು. ಕೆಲವೇ ದಿನಗಳಲ್ಲಿ ಸ್ಕಾಟ್ ಅರ್ಜಿ ಹಾಕಿದ. ಹಿಮದ ಬಗ್ಗೆ ಆತನಿಗೆ ಅದುವರೆಗೆ ವಿಶೇಷ ಒಲವೇನೂ ಇರಲಿಲ್ಲ. 1900ರ ಜೂನ್‌ನಲ್ಲಿ ಕಮಾಂಡರ್ ಹುದ್ದೆ ಕೈಗೆ ಬಂತು, ಹಡಗಿನ ಕೆಲಸ ನಡೆಯುತ್ತಿರುವಾಗಲೇ. ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ನಾವು ಸಂದರ್ಶಕರ ಕೇಂದ್ರ ದಾಟಿ ಡೆಕ್ ಮೇಲೆ ನಿಂತಿದ್ದೆವು.

ಈಗ ಹಡಗಿನ ಮಾತು. ವಿನ್ಯಾಸ ನೌಕಾ ಇಲಾಖೆಯ ಡಬ್ಲ್ಯು. ಇ. ಸ್ಮಿತ್ ಅವರದು, ಕಟ್ಟಿದ್ದು ಡಂಡಿ ಶಿಪ್‌ಬಿಲ್ಡರ್ಸ್ ಕಂಪನಿ. ಉಕ್ಕಿನ ಯುಗ ಬಂದಾಗಿತ್ತು. ಆದರೂ ಮರವೇ ಬೇಕೆಂದು ಹಟ ಹಿಡಿದದ್ದಕ್ಕೆ ಎರಡು ಕಾರಣ: ಹಿಮ ಅದುಮಿದಾಗ ಮರ ಬಳುಕುತ್ತದೆ, ಕಾಂತೀಯ ಅಳತೆಗಳಿಗೆ ಕಬ್ಬಿಣ ಶತ್ರು. ಮರದ ಹಡಗನ್ನು ಹಿಮಕ್ಕೆ ತಕ್ಕಂತೆ ಕಟ್ಟಬಲ್ಲ ಕೈಗಳು ಆಗ ಡಂಡಿಯ ತಿಮಿಂಗಿಲ ಹಡಗುಗಳ ಕಟ್ಟೆಯಲ್ಲಿ ಉಳಿದಿದ್ದವು. 1901ರ ಮಾರ್ಚ್ 21ರಂದು ಲೇಡಿ ಮಾರ್ಕಮ್ ಅವರು ಹಡಗನ್ನು ನೀರಿಗಿಳಿಸಿದರು.

ಉದ್ದ 172 ಅಡಿ. ನಾನು ಕೆಲಸ ಮಾಡಿದ ಹಡಗುಗಳ ಒಂದು ಸರಕು ಮಾಳಿಗೆಯಲ್ಲಿ ಇದನ್ನು ಇಟ್ಟುಬಿಡಬಹುದು. ಆದರೆ ಪಕ್ಕದ ಗೋಡೆಯ ದಪ್ಪ 26 ಅಂಗುಲ, ಅಂದರೆ 66 ಸೆಂಟಿಮೀಟರ್. ಓಕ್ ಮರದ ಪಕ್ಕೆಲುಬು, ಅದರ ಒಳಗೂ ಹೊರಗೂ ಹಲಗೆಗಳ ಪದರ, ತೀರ ಹೊರಗೆ ಗ್ರೀನ್‌ಹಾರ್ಟ್ ಎಂಬ ಉಕ್ಕಿನಂಥ ಮರ. ಮೂತಿಯ ಭಾಗದಲ್ಲಂತೂ ಎಂಟೂವರೆ ಅಡಿ ಉದ್ದದ ಬೋಲ್ಟುಗಳನ್ನು ಬಿಗಿದಿದ್ದರು. ಮೂತಿ ಮುಂದಕ್ಕೆ ಓರೆಯಾಗಿದೆ; ಹಿಮದ ಮೇಲೆ ಹತ್ತಿ ತನ್ನ ಭಾರದಿಂದಲೇ ಅದನ್ನು ಮುರಿಯಲಿ ಎಂದು. ಗೋಡೆಯಲ್ಲಿ ಒಂದು ದುಂಡು ಕಿಟಕಿಯೂ ಇಲ್ಲ, ತೂತು ಕೊರೆದರೆ ಬಲ ಕುಗ್ಗುತ್ತದೆಯಲ್ಲ. ಬೆಳಕು, ಗಾಳಿ ಎಲ್ಲ ಮೇಲಿನಿಂದಲೇ ಇಳಿಯಬೇಕು. ಅದಕ್ಕಾಗಿ ಡೆಕ್ ತುಂಬ ಅಣಬೆಯಂಥ ಹಿತ್ತಾಳೆಯ ಗಾಳಿಕಿಂಡಿಗಳಿವೆ. ಕಾಲ್ಗಂಟಿನ ಎತ್ತರಕ್ಕೆ ನಿಂತಿರುವ ಅವಕ್ಕೆ ಡಿಕ್ಕಿ ಹೊಡೆಯದಂತೆ ನೋಡಿಕೊಂಡು ನಡೆಯಿರಿ.

ಚುಕ್ಕಾಣಿ ಮತ್ತು ಪ್ರೊಪೆಲ್ಲರ್ ಎರಡನ್ನೂ ಬಾವಿಯಂಥ ಕೊಳವೆಯ ಮೂಲಕ ಮೇಲಕ್ಕೆ ಎತ್ತಿಬಿಡಬಹುದಿತ್ತು. ಹಿಮಗಡ್ಡೆ ಹಿಂದಿನಿಂದ ಬಂದು ಅಪ್ಪಳಿಸುವಾಗ ಬಾಲವನ್ನು ಒಳಗೆಳೆದುಕೊಳ್ಳುವ ಪ್ರಾಣಿಯ ಹಾಗೆ. ಪ್ರೊಪೆಲ್ಲರ್ ಕೆಟ್ಟರೆ ಹಡಗನ್ನು ಒಣ ಹಡಗುಕಟ್ಟೆಗೆ ಏರಿಸದೆ ಬೇರೆ ದಾರಿಯೇ ಇಲ್ಲ ಎಂದು ನಾವು ನಂಬಿದ್ದೆವು. ಭೂಮಿಯ ಆ ತುದಿಯಲ್ಲಿ ಹಡಗುಕಟ್ಟೆ ಎಲ್ಲಿಂದ ಬರಬೇಕು? ಈ ಒಂದು ಏರ್ಪಾಡಿನ ಮುಂದೆ ನಾನು ಅರ್ಧ ಗಂಟೆ ನಿಂತೆ. ಯೋಚಿಸಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕಾಂತೀಯ ವೀಕ್ಷಣಾ ಕೊಠಡಿಯ ಸುತ್ತ ಮೂವತ್ತು ಅಡಿಯೊಳಗೆ ಕಬ್ಬಿಣ, ಉಕ್ಕು ಇರಬಾರದೆಂಬ ನಿಯಮವಿತ್ತು. ಹಡಗನ್ನು ಕಟ್ಟಿದ ರೀತಿಯೇ ಈ ಒಂದು ಪುಟ್ಟ ಕೊಠಡಿಗೆ ಮಣಿದಿದೆ. ಇಲ್ಲಿ ದಾಖಲಾದ ಕಾಂತೀಯ ಅಳತೆಗಳು, ಹವಾಮಾನದ ದಾಖಲೆಗಳು ಈ ಯಾತ್ರೆಯ ದೊಡ್ಡ ಗಳಿಕೆ. ಧ್ರುವದ ಓಟದ ಗದ್ದಲದಲ್ಲಿ ಜನ ಇದನ್ನು ಮರೆತುಬಿಟ್ಟಿರುವುದು ನನಗೆ ನೋವಿನ ಸಂಗತಿ.

ಕೆಳಗಿಳಿದರೆ ವಾರ್ಡ್‌ರೂಮ್. ಅಧಿಕಾರಿಗಳೂ ವಿಜ್ಞಾನಿಗಳೂ ಉಣ್ಣುತ್ತಿದ್ದ, ಓದುತ್ತಿದ್ದ, ವಾದಿಸುತ್ತಿದ್ದ ಕೊಠಡಿ. ಮರದ ಹಲಗೆ ಹೊದಿಸಿದ ಗೋಡೆ, ನಡುವೆ ಉದ್ದ ಮೇಜು, ಎರಡೂ ಬದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡಿನಂಥ ಮಲಗುವ ಕೋಣೆ. ಸ್ಕಾಟ್‌ನ ಕೋಣೆ ಸ್ವಲ್ಪ ದೊಡ್ಡದು. ಮುಂದೆ ಧ್ರುವಯಾತ್ರಿಕನಾಗಿ ಹೆಸರಾದ ಶ್ಯಾಕಲ್‌ಟನ್ ಇಲ್ಲೇ ಇದ್ದ. ಆತ ವ್ಯಾಪಾರಿ ಹಡಗುಗಳಿಂದ ಬಂದವನು, ನೌಕಾಪಡೆಯವನಲ್ಲ. ವೈದ್ಯನೂ ಚಿತ್ರಕಾರನೂ ಆದ ಎಡ್ವರ್ಡ್ ವಿಲ್ಸನ್ ಇಲ್ಲೇ ಇದ್ದ. ಹಾಗೆಯೇ ಮುಂದಕ್ಕೆ ನಡೆದರೆ ನಾವಿಕರ ಮೆಸ್ ಡೆಕ್. ಅಲ್ಲಿ ಗೋಡೆಗೆ ಹಲಗೆ ಹೊದಿಕೆಯಿಲ್ಲ, ಕೋಣೆಗಳಿಲ್ಲ, ತೂಗುಹಾಸಿಗೆಗಳು. ಎಡ್ಗರ್ ಇವಾನ್ಸ್, ಟಾಮ್ ಕ್ರೀನ್, ವಿಲಿಯಂ ಲ್ಯಾಶ್ಲಿ ಇವರೆಲ್ಲ ಮಲಗಿದ್ದ ಜಾಗ.

ಸ್ಕಾಟ್ ಈ ಹಡಗನ್ನು ಯುದ್ಧನೌಕೆಯಂತೆ ನಡೆಸಿದ. ಕಾನೂನಿನ ಪ್ರಕಾರ ಅದು ಯುದ್ಧನೌಕೆಯೇ ಅಲ್ಲ. ವ್ಯಾಪಾರಿ ಹಡಗುಗಳ ಕಾಯ್ದೆಯಡಿ ನೋಂದಾಯಿಸಿ, ರಾಯಲ್ ಹಾರ್ವಿಚ್ ಯಾಟ್ ಕ್ಲಬ್ಬಿನ ಬಾವುಟ ಹಾರಿಸಿಕೊಂಡು ಹೊರಟಿತ್ತು. ನೌಕಾಪಡೆಯ ಶಿಸ್ತಿನ ಕಾಯ್ದೆ ಇಲ್ಲಿ ಅನ್ವಯಿಸುತ್ತಿರಲಿಲ್ಲ. ಅನ್ವಯಿಸುತ್ತದೆ ಎಂದೇ ಭಾವಿಸಿ ಎಲ್ಲರೂ ಸ್ವಂತ ಇಚ್ಛೆಯಿಂದ ನಡೆದುಕೊಂಡರು. ಹಿಮದಲ್ಲಿ ಎರಡು ಚಳಿಗಾಲ, ಮೊದಲನೆಯದರಲ್ಲಿ ಸುಮಾರು 47 ಮಂದಿ, ಆಗಾಗ ತಿಂಗಳುಗಟ್ಟಲೆ ಕತ್ತಲೆ. ಹಡಗು ಒಡೆದು ಬಣಗಳಾಗಲಿಲ್ಲ. ಉದ್ದದ ಯಾನಗಳಲ್ಲಿ ಇಪ್ಪತ್ತು ಜನರ ತಂಡವೇ ಎರಡು ತಿಂಗಳಿಗೆ ಮುಖ ತಿರುಗಿಸಿಕೊಂಡು ಓಡಾಡುವುದನ್ನು ಕಂಡವನು ನಾನು. ವಾರ್ಡ್‌ರೂಮಿನ ಗೋಡೆಯನ್ನು ಬರಿಯ ಮೇಲು-ಕೀಳಿನ ಗೋಡೆ ಎಂದು ತಳ್ಳಿಹಾಕಲು ಅದಕ್ಕೇ ನನಗೆ ಮನಸ್ಸು ಬರುವುದಿಲ್ಲ. ನಾವಿಕರಿಗೂ ಅಧಿಕಾರಿಗಳ ಕಣ್ಣು ತಪ್ಪಿಸಿ ತಮ್ಮಷ್ಟಕ್ಕೆ ಇರುವ ಜಾಗ ಬೇಕಾಗುತ್ತದೆ.

ಒಂದು ಸಂಗತಿಯನ್ನು ಮಾತ್ರ ಮರೆಯಬೇಡಿ: ನಾವಿಕರ ಮೆಸ್ ಡೆಕ್ ಬೆಚ್ಚಗಿತ್ತು, ವಾರ್ಡ್‌ರೂಮ್ ಥಂಡಿಯಾಗಿತ್ತು. ಮೆಸ್ ಡೆಕ್‌ನ ಕೆಳಗಿದ್ದದ್ದು ತುಂಬಿದ ಉಗ್ರಾಣ. ವಾರ್ಡ್‌ರೂಮಿನ ಕೆಳಗಿದ್ದದ್ದು ಕಲ್ಲಿದ್ದಲಿನ ಗೂಡು. ಚಳಿ ಅಲ್ಲಿಂದ ಮೇಲೇರಿ ಅಧಿಕಾರಿಗಳ ಕೋಣೆಗಳಲ್ಲಿ ಹಿಮ ಕಟ್ಟುತ್ತಿತ್ತು. ಮೇಜಿನ ಮೇಲೆ ಪಿಂಗಾಣಿ, ಮೇಜಿನ ಕೆಳಗೆ ಚಳಿಗೆ ಮರಗಟ್ಟುವ ಕಾಲು. ಆ ಕೊಠಡಿಯಲ್ಲಿ ನಿಂತು ಕಣ್ಣು ಮುಚ್ಚಿದರೆ ಪಾದದಲ್ಲಿ ಅದು ಅನುಭವಕ್ಕೆ ಬರುತ್ತದೆ.

ಟಾರ್ಪೆಡೊ ಶಾಲೆಯ ವಿದ್ಯೆಗೂ ಇಲ್ಲಿ ಗುರುತಿದೆ. ವಿದ್ಯುತ್ ದೀಪಕ್ಕಾಗಿ ಡೆಕ್ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದರು, 1902ರಲ್ಲಿ! ಬಿರುಗಾಳಿ ಅದನ್ನು ಮತ್ತೆ ಮತ್ತೆ ಮುರಿದು ಹಾಕಿತು. ಕೊನೆಗೆ ಅಸಿಟಿಲೀನ್ ದೀಪಕ್ಕೆ ಮೊರೆಹೋದರು. 1902ರ ಫೆಬ್ರವರಿ 4ರಂದು ‘ಈವಾ’ ಎಂಬ ಬಲೂನಿನಲ್ಲಿ ಸ್ಕಾಟ್ ತಾನೇ ಮೇಲೇರಿ ಹಿಮಪ್ರದೇಶವನ್ನು ನೋಡಿದ. ಆತನ ನಂತರ ಏರಿದವನು ಶ್ಯಾಕಲ್‌ಟನ್, ಕ್ಯಾಮೆರಾ ಹಿಡಿದುಕೊಂಡು. ಹೊಸ ಉಪಕರಣ ಎಂದರೆ ಸ್ಕಾಟ್‌ಗೆ ಕೈ ಕಡಿಯುತ್ತಿತ್ತು.

ಇನ್ನೂ ಕೆಳಗೆ, ಕಡಿದಾದ ಏಣಿಮೆಟ್ಟಿಲಿಳಿದರೆ, ನಾನು ಇಷ್ಟು ದೂರ ಬಂದದ್ದಕ್ಕೆ ಕಾರಣವಾದ ಜಾಗ. ಇಲ್ಲಿ 450 ಅಶ್ವಶಕ್ತಿಯ ಟ್ರಿಪಲ್ ಎಕ್ಸ್‌ಪ್ಯಾನ್ಷನ್ ಉಗಿ ಎಂಜಿನ್, ಅಂದರೆ ಒಂದೇ ಉಗಿಯನ್ನು ಮೂರು ಹಂತದಲ್ಲಿ ದುಡಿಸುವ ಎಂಜಿನ್ ಇತ್ತು. ಆ ಎಂಜಿನ್ ಈಗ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕಾಗಿ ಅದನ್ನೂ ಬಾಯ್ಲರುಗಳನ್ನೂ ಕಿತ್ತು ಗುಜರಿಗೆ ಕೊಟ್ಟರು. ಯುದ್ಧಕಾಲದ ತುರ್ತು ನನಗೆ ಅರ್ಥವಾಗುತ್ತದೆ. ಆದರೂ ಅಲ್ಲಿ ನಿಂತಾಗ ಗಂಟಲು ಕಟ್ಟಿತು. ಹಡಗಿನ ಕಂಬಗಳನ್ನು ಉಳಿಸಿದರು, ಊಟದ ಮೇಜನ್ನು ಉಳಿಸಿದರು, ಎದೆಯನ್ನು ಕಳೆದರು.

ಆ ಎಂಜಿನ್ನನ್ನು ನೋಡಿಕೊಂಡವರು ರೆಜಿನಾಲ್ಡ್ ಸ್ಕೆಲ್ಟನ್. ಧ್ರುವಯಾತ್ರೆಗಳ ಬಗ್ಗೆ ಓದಿದವರಲ್ಲೂ ಈ ಹೆಸರನ್ನು ನೆನಪಿಡುವವರು ಕಡಿಮೆ. ನಾನಂತೂ ಇವರಿಗಾಗಿಯೇ ಟಿಕೆಟ್ ಕೊಂಡೆ. ‘ಮೆಜೆಸ್ಟಿಕ್’ ಯುದ್ಧನೌಕೆಯಲ್ಲಿ ಸ್ಕಾಟ್ ಟಾರ್ಪೆಡೊ ಲೆಫ್ಟಿನೆಂಟ್ ಆಗಿದ್ದಾಗ ಸ್ಕೆಲ್ಟನ್ ಅಲ್ಲಿ ಎಂಜಿನಿಯರ್. ಅಲ್ಲಿಂದಲೇ ಸ್ಕಾಟ್ ಅವರನ್ನು ಆರಿಸಿಕೊಂಡ. ಲೆಫ್ಟಿನೆಂಟ್ ಮೈಕೆಲ್ ಬಾರ್ನ್, ಎಡ್ಗರ್ ಇವಾನ್ಸ್ ಬಂದದ್ದೂ ಅಲ್ಲಿಂದಲೇ. ಹಡಗು ಕಟ್ಟುವಾಗ ಎಂಜಿನ್ ಕೆಲಸದ ಮೇಲ್ವಿಚಾರಣೆಗೆ ಸ್ಕೆಲ್ಟನ್ ಡಂಡಿಗೆ ಬಂದರು. ಹಿಮದಲ್ಲಿ ಅವರು ಮುಟ್ಟದ ಕೆಲಸವಿಲ್ಲ: ಜಾರುಬಂಡಿಗಳ ರಿಪೇರಿ, ಅಡುಗೆ ಒಲೆಗಳ ರಿಪೇರಿ, ಉಪಕರಣಗಳ ರಿಪೇರಿ. ಯಾತ್ರೆಯ ಮುಖ್ಯ ಛಾಯಾಗ್ರಾಹಕರೂ ಅವರೇ. 1902ರ ಅಕ್ಟೋಬರ್‌ನಲ್ಲಿ ಕೇಪ್ ಕ್ರೋಜಿಯರ್‌ನಲ್ಲಿ ಎಂಪರರ್ ಪೆಂಗ್ವಿನ್‌ಗಳು ಮರಿ ಮಾಡುವ ತಾಣವನ್ನು ಮೊದಲು ಕಂಡದ್ದು ಸ್ಕೆಲ್ಟನ್ ಇದ್ದ ತಂಡ.

ಅಂದಿನ ಬ್ರಿಟಿಷ್ ನೌಕಾಪಡೆಯಲ್ಲಿ ಎಂಜಿನಿಯರ್ ಎಂದರೆ ಬೇರೆಯೇ ಜಾತಿ. ಡಾರ್ಟ್‌ಮತ್‌ನಲ್ಲಿ ಕಲಿತು ಹಡಗು ನಡೆಸುವವರು ಒಂದು ಸಾಲು. ಬೇರೆ ಶಾಲೆಯಲ್ಲಿ ಕಲಿತು ಎಂಜಿನ್ ಕೋಣೆಯಿಂದ ಹಡಗನ್ನು ಓಡಿಸುವವರು ಇನ್ನೊಂದು ಸಾಲು. ಎಂಜಿನಿಯರುಗಳ ತೋಳಿನ ಚಿನ್ನದ ಪಟ್ಟಿಗಳ ನಡುವೆ ನೇರಳೆ ಬಟ್ಟೆ. ಮೊದಲ ಸಾಲಿನವರ ಪಟ್ಟಿಯ ಮೇಲಿರುವ ಸುರುಳಿ ಇವರಿಗೆ ಇಲ್ಲ. ಎಂಜಿನಿಯರ್ ಎಷ್ಟೇ ಮೇಲೇರಿದರೂ ಹಡಗಿನ ಅಧಿಪತಿ ಆಗುವಂತಿರಲಿಲ್ಲ. 1902ರ ಡಿಸೆಂಬರ್‌ನಲ್ಲಿ ನೌಕಾ ಇಲಾಖೆ, ಅಡ್ಮಿರಲ್ ಫಿಶರ್ ಅವರ ಒತ್ತಾಸೆಯಿಂದ, ಇಬ್ಬರಿಗೂ ಒಂದೇ ತರಬೇತಿ ಎಂಬ ಸೆಲ್ಬೋರ್ನ್ ಯೋಜನೆಯನ್ನು ಪ್ರಕಟಿಸಿತು. ಅದೇ ತಿಂಗಳು 30ರಂದು ಸ್ಕಾಟ್, ವಿಲ್ಸನ್, ಶ್ಯಾಕಲ್‌ಟನ್ ಮೂವರೂ ಸ್ಕರ್ವಿಯಿಂದ (ಸಿ ಜೀವಸತ್ವದ ಕೊರತೆಯ ಕಾಯಿಲೆ) ಊದಿದ ಒಸಡುಗಳೊಂದಿಗೆ 82 ಡಿಗ್ರಿ 17 ನಿಮಿಷ ದಕ್ಷಿಣ ಅಕ್ಷಾಂಶವನ್ನು ಮುಟ್ಟಿ ಹಿಂದಿರುಗಿದರು. ಅಲ್ಲಿಯವರೆಗೆ ಮನುಷ್ಯ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ.

ಎರಡು ಚಳಿಗಾಲ ಹಿಮದಲ್ಲಿ ಸಿಕ್ಕಿಕೊಂಡಿದ್ದ ಹಡಗು ಬಿಡಿಸಿಕೊಂಡದ್ದು 1904ರ ಫೆಬ್ರವರಿ 16ರಂದು. ‘ಮಾರ್ನಿಂಗ್’, ‘ಟೆರಾ ನೋವಾ’ ಎರಡು ಹಡಗುಗಳು ರಕ್ಷಣೆಗೆ ಬಂದಿದ್ದವು, ‘ಡಿಸ್ಕವರಿ’ ಬಿಡಿಸಿಕೊಳ್ಳದಿದ್ದರೆ ಅದನ್ನು ಬಿಟ್ಟು ಬನ್ನಿ ಎಂಬ ಆಜ್ಞೆಯೊಂದಿಗೆ. ಹಡಗನ್ನು ಕಳೆದುಕೊಂಡು ಬಂದ ಅಧಿಕಾರಿ ಎಂಬ ಹೆಸರು ಸ್ಕಾಟ್‌ನ ತಲೆಯ ಮೇಲೆ ತೂಗುತ್ತಿತ್ತು. ಸ್ಫೋಟಕ ಇಟ್ಟು, ಅಲೆಗಾಗಿ ಕಾದು, ಕೊನೆಯ ಎರಡು ಮೈಲಿ ಬಿರುಕು ಬಿಡುವವರೆಗೂ ಆತ ಮಲಗಿದ್ದಿರಲಾರ. ಸೆಪ್ಟೆಂಬರ್ 10ಕ್ಕೆ ಪೋರ್ಟ್ಸ್‌ಮತ್ ಮುಟ್ಟಿದ ಸ್ಕಾಟ್‌ಗೆ ಕ್ಯಾಪ್ಟನ್ ಹುದ್ದೆ ಸಿಕ್ಕಿತು. ಮೂವತ್ತಾರು ವರ್ಷ. ಅಡ್ಮಿರಲ್ ಹುದ್ದೆಯ ದಾರಿ ತೆರೆಯಿತು.

ಆಮೇಲಿನ ವರ್ಷಗಳು ಯುದ್ಧನೌಕೆಗಳಲ್ಲಿ ಕಳೆದವು: ‘ವಿಕ್ಟೋರಿಯಸ್’, ‘ಅಲ್ಬೆಮಾರ್ಲ್’, ‘ಬಲ್ವಾರ್ಕ್’. 1907ರ ಫೆಬ್ರವರಿಯಲ್ಲಿ ‘ಅಲ್ಬೆಮಾರ್ಲ್’ ಮತ್ತು ‘ಕಾಮನ್‌ವೆಲ್ತ್’ ಡಿಕ್ಕಿ ಹೊಡೆದು ಸಣ್ಣ ಹಾನಿಯಾಯಿತು. 1908ರಲ್ಲಿ ಶಿಲ್ಪಿ ಕ್ಯಾಥ್ಲೀನ್ ಬ್ರೂಸ್ ಜೊತೆ ಮದುವೆ, 1909ರಲ್ಲಿ ನೌಕಾ ಇಲಾಖೆಯ ಕಚೇರಿಯಲ್ಲಿ ನೌಕಾಪಡೆಯ ಅತಿ ಹಿರಿಯ ಅಧಿಕಾರಿಗಳಲ್ಲಿ ಒಬ್ಬರಾದ ಎರಡನೆಯ ಸೀ ಲಾರ್ಡ್‌ರ ನೌಕಾ ಸಹಾಯಕನ ಕೆಲಸ. ಯಾರೇ ಆಗಲಿ ಇಲ್ಲಿಗೆ ನೆಮ್ಮದಿಯಾಗಿ ಕೂರಬಹುದಿತ್ತು. ಸ್ಕಾಟ್ ಮತ್ತೆ ದಕ್ಷಿಣಕ್ಕೆ ಹೊರಟ.

ಈ ಬಾರಿ ಆತನ ತಲೆಯಲ್ಲಿ ಮೋಟಾರು ಜಾರುಬಂಡಿ ಇತ್ತು. ಚಕ್ರಗಳ ಬದಲು ಸುತ್ತುವ ಪಟ್ಟಿಯ ಮೇಲೆ ಹಿಮದಲ್ಲಿ ಓಡುವ ಯಂತ್ರ. ಮುಂದೆ ಬಂದ ಯುದ್ಧ ಟ್ಯಾಂಕುಗಳ ದೊಡ್ಡಣ್ಣ ಎನ್ನಬಹುದು. ಬರ್ಮಿಂಗ್‌ಹ್ಯಾಮಿನ ವೂಲ್ಸ್‌ಲಿ ಕಂಪನಿ ಅದನ್ನು ತಯಾರಿಸಿತು. ಅದನ್ನು ರೂಪಿಸುವಲ್ಲಿ ಸ್ಕಾಟ್‌ನ ಬಲಗೈ ಸ್ಕೆಲ್ಟನ್. 1910ರ ಮಾರ್ಚ್‌ನಲ್ಲಿ ನಾರ್ವೆಯ ಫೆಫೋರ್‌ನಲ್ಲಿ ಪರೀಕ್ಷೆ ನಡೆದಾಗಲೂ ಅವರು ಜೊತೆಯಲ್ಲಿದ್ದರು. ಯಾತ್ರೆಗೆ ಸ್ಕೆಲ್ಟನ್ ಹೋಗಲಿಲ್ಲ. ಸ್ಕಾಟ್‌ನ ನಂತರದ ಸ್ಥಾನಕ್ಕೆ ಬಂದಿದ್ದ ಎಡ್ವರ್ಡ್ ಇವಾನ್ಸ್ (ಎಡ್ಗರ್ ಬೇರೆ) ಲೆಫ್ಟಿನೆಂಟ್ ಹುದ್ದೆಯವರು. ಸ್ಕೆಲ್ಟನ್ ಅಷ್ಟರಲ್ಲಿ ಎಂಜಿನಿಯರ್ ಕಮಾಂಡರ್. ತನಗಿಂತ ಮೇಲಿನ ಹುದ್ದೆಯವನು ತನ್ನ ಕೈಕೆಳಗೆ ಇರುವುದು ಸರಿಹೋಗದೆಂದು ಇವಾನ್ಸ್ ಆಕ್ಷೇಪಿಸಿದರು, ಸ್ಕಾಟ್ ಒಪ್ಪಿಕೊಂಡ. ಹುದ್ದೆಯ ಲೆಕ್ಕ ಗೆದ್ದಿತು.

ಮಗಳು ಇದನ್ನು ಕೇಳಿ ಸುಮ್ಮನೆ ನಿಂತಳು. “ಅಪ್ಪಾ, ಯಂತ್ರ ಮಾಡಿದವರನ್ನೇ ಬಿಟ್ಟು ಯಂತ್ರ ತೆಗೆದುಕೊಂಡು ಹೋದರೇ?” ಎಂದಳು. ಹೌದಮ್ಮ, ಹಾಗೆಯೇ ಆಯಿತು.

ಮೂರು ಯಂತ್ರಗಳಲ್ಲಿ ಒಂದು 1911ರ ಜನವರಿಯಲ್ಲಿ ಹಡಗಿನಿಂದ ಇಳಿಸುವಾಗಲೇ ಹಿಮ ಒಡೆದು ಸಮುದ್ರಕ್ಕೆ ಬಿತ್ತು. ಉಳಿದೆರಡು ಅಕ್ಟೋಬರ್ 24ರಂದು ಹೊರಟು ಹತ್ತು ದಿನ ತುಂಬುವ ಮೊದಲೇ ನಿಂತುಹೋದವು. ಸಿಲಿಂಡರುಗಳು ವಿಪರೀತ ಕಾಯುತ್ತಿದ್ದವು, ಪಿಸ್ಟನ್ ದಂಡ ತಿರುಗುವ ಅಚ್ಚಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್ ಮುರಿಯಿತು. ಅವನ್ನು ನಡೆಸಲು ಹೋದವರಲ್ಲಿ ಬರ್ನಾರ್ಡ್ ಡೇ ಎಂಬ ಮೋಟಾರು ಎಂಜಿನಿಯರ್ ಇದ್ದರು, ‘ಡಿಸ್ಕವರಿ’ಯ ಎಂಜಿನ್ ಕೋಣೆಯಲ್ಲಿ ಸ್ಕೆಲ್ಟನ್ ಕೈಕೆಳಗೆ ದುಡಿದಿದ್ದ ಲ್ಯಾಶ್ಲಿಯೂ ಇದ್ದರು. ಇಬ್ಬರೂ ಒಳ್ಳೆಯ ಕೈಗಳೇ. ಸ್ಕೆಲ್ಟನ್ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ನಾನು ಹೇಳಲಾರೆ. ಗಾಳಿಯಿಂದ ತಂಪಾಗಬೇಕಾದ ಎಂಜಿನ್, ನಿಧಾನವಾಗಿ ಭಾರ ಎಳೆಯುವ ಕೆಲಸ. ಈ ಎರಡಕ್ಕೂ ಆಗದು ಎಂದು ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದ ಯಾರಾದರೂ ಹೇಳುತ್ತಾರೆ. ಆದರೆ ತಾನು ರೂಪಿಸಿದ ಯಂತ್ರದ ಸದ್ದು ಬದಲಾಗುವುದು ರೂಪಿಸಿದವನ ಕಿವಿಗೆ ಮೊದಲು ಬೀಳುತ್ತದೆ. ಆ ಕಿವಿಯನ್ನು ದಡದಲ್ಲಿ ಬಿಟ್ಟುಹೋದರು. 1912ರ ಜನವರಿ 17ರಂದು ಸ್ಕಾಟ್ ಧ್ರುವ ಮುಟ್ಟಿದ. ನಾರ್ವೆಯ ಅಮುಂಡ್ಸೆನ್ ಆಗಲೇ ಮುಟ್ಟಿಯಾಗಿತ್ತು. ಹಿಂದಿರುಗುವ ದಾರಿಯಲ್ಲಿ ಸ್ಕಾಟ್ ಸೇರಿ ತಂಡದ ಐವರೂ ಸತ್ತರು, ಮುಂಚೆ ಹೇಳಿದ ಎಡ್ಗರ್ ಇವಾನ್ಸ್ ಮತ್ತು ವಿಲ್ಸನ್ ಅವರಲ್ಲಿ ಇಬ್ಬರು.

ಸ್ಕೆಲ್ಟನ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ಜಟ್‌ಲ್ಯಾಂಡ್ ಕದನ ಕಂಡರು, 1928ರಲ್ಲಿ ಇಡೀ ನೌಕಾಪಡೆಯ ಮುಖ್ಯ ಎಂಜಿನಿಯರ್ ಆದರು, ಎಂಜಿನಿಯರ್ ವೈಸ್ ಅಡ್ಮಿರಲ್ ಆಗಿ ನಿವೃತ್ತರಾದರು. 1956ರವರೆಗೆ ಬದುಕಿದ್ದರು.

ಹೋಗುವವರಿಗೆ ಕೆಲವು ಮಾತು. ಕೆಲವು ವರ್ಷಗಳ ಹಿಂದೆ ಒಂದು ಪ್ರವಾಸಿ ಬಸ್ಸಿನ ಏರ್ಪಾಡಿನಲ್ಲಿ ಇಲ್ಲಿಗೆ ಬಂದಿದ್ದೆ. ಹಡಗಿಗೆ ನಲವತ್ತು ನಿಮಿಷ, ಉಣ್ಣೆ ಬಟ್ಟೆಯ ಅಂಗಡಿಗೆ ಒಂದೂವರೆ ಗಂಟೆ ಕೊಟ್ಟರು. ಆಗಿನ ಅಸಮಾಧಾನ ಇನ್ನೂ ಹೋಗಿಲ್ಲ. ಹಾಗೆ ಬರಬೇಡಿ, ರೈಲಿನಲ್ಲಿ ಬನ್ನಿ, ನಿಲ್ದಾಣದಿಂದ ನಡೆದೇ ಹೋಗಬಹುದು. ಮೊದಲು ಸಂದರ್ಶಕರ ಕೇಂದ್ರ, ಆಮೇಲೆ ಹಡಗು. ಅವಸರದಲ್ಲಿ ಮೊದಲ ಭಾಗವನ್ನು ಹಾರಿಸಿದರೆ ಹಡಗು ಬರಿಯ ಮರದ ಸಾಮಾನಾಗಿ ಕಾಣುತ್ತದೆ. ಮೊಣಕಾಲು ನೋವಿರುವವರು ಕೆಳಗಿನ ಮಾಳಿಗೆಗೆ ನಿಧಾನವಾಗಿ ಇಳಿಯಿರಿ. ಬಾಗಿಲುಗಳು ತಗ್ಗು, ತಲೆ ಬಗ್ಗಿಸಿ. ಚಿಕ್ಕ ಮಕ್ಕಳಿಗೆ ಮೆಸ್ ಡೆಕ್ ಬಹಳ ಇಷ್ಟವಾಗುತ್ತದೆ.

ಹಡಗಿನ ನಂತರದ ಬದುಕಿಗೂ ಹತ್ತು ನಿಮಿಷ ಕೊಡಿ. ಸ್ಕಾಟ್ ಬಿಟ್ಟ ಮೇಲೆ ಹಡ್ಸನ್ಸ್ ಬೇ ಕಂಪನಿ ಕೊಂಡಿತು. ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಯುದ್ಧಸಾಮಗ್ರಿ ಹೊತ್ತಿತು. 1925ರಿಂದ ತಿಮಿಂಗಿಲಗಳ ಅಧ್ಯಯನಕ್ಕೆ, 1929ರಿಂದ ಆಸ್ಟ್ರೇಲಿಯಾದ ಅನ್ವೇಷಕ ಮಾಸನ್ ಅವರ ಜೊತೆ ಮತ್ತೆ ಅಂಟಾರ್ಕ್ಟಿಕಕ್ಕೆ. ಆಮೇಲೆ ವರ್ಷಗಟ್ಟಲೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಸ್ಕೌಟ್ ಹುಡುಗರ ತರಬೇತಿ ಹಡಗಾಗಿತ್ತು. 1986ರಲ್ಲಿ ಇನ್ನೊಂದು ಹಡಗಿನ ಬೆನ್ನೇರಿ ಡಂಡಿಗೆ ಮರಳಿತು. ಉಳಿಸಿಕೊಂಡ ಊರಿನವರಿಗೆ ನಾನು ಋಣಿ.

ಹೊರಡುವ ಹೊತ್ತಾಯಿತು. “ಅಪ್ಪಾ, ರೈಲು ತಪ್ಪುತ್ತದೆ” ಎಂದು ಮಗಳು ಮೇಲಿನಿಂದ ಕರೆದಳು. ಐದು ನಿಮಿಷ ಕೇಳಿ ಮತ್ತೆ ವಾರ್ಡ್‌ರೂಮಿಗೆ ಇಳಿದೆ. ಯಾರೂ ಇರಲಿಲ್ಲ. ಮೇಜಿನ ಪಕ್ಕದಲ್ಲಿ, ಎಂಜಿನ್ ಕೋಣೆಯ ಕಡೆಯ ತುದಿಯಿಂದ ಇನ್ನೊಂದು ತುದಿಗೆ, ಎಣಿಸಿಕೊಂಡು ನಡೆದೆ. ಎಂಟು ಹೆಜ್ಜೆ.